ಎಂಜಿನ್ ಸರಿ ಇತ್ತು

ನನಗೆ ಸಿಟ್ಟು ಬೇಗ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ಇಪ್ಪತ್ನಾಲ್ಕು ವರ್ಷ ಮಿಲಿಟರಿ ವರ್ಕ್‌ಶಾಪಿನಲ್ಲಿ ಲಾರಿಯ ಎಂಜಿನ್ ಬಿಚ್ಚಿ ಕಟ್ಟಿ, ಹವಾಲ್ದಾರನಾಗಿ ಪೆನ್ಶನ್ ಹಿಡಿದು ಊರಿಗೆ ಬಂದವನು ನಾನು, ದೇವಪ್ಪ. ಕಾಸರಕೋಡ ಬಂದರಿನ ಪಕ್ಕದಲ್ಲೇ ನನ್ನ ಗ್ಯಾರೇಜು. ಕುಮಟೆಯಿಂದ ಭಟ್ಕಳದವರೆಗೆ ಯಾವ ಬೋಟಿನ ಎಂಜಿನ್ ಕೆಮ್ಮಿದರೂ ಮೊದಲು ನನಗೇ ಫೋನು ಬರುತ್ತದೆ. ಇಷ್ಟೆಲ್ಲ ಆದ ಮೇಲೂ ಬರುತ್ತದೆ, ಅದೇ ನನ್ನ ಗೋಳು.

ನಮ್ಮ ಕಡೆ ಕೆಲವರು ಬೋಟಿಗೆ ಹಳೆಯ ಮಿಲಿಟರಿ ಲಾರಿಯ ಎಂಜಿನ್ ಹಾಕಿಸುತ್ತಾರೆ. ಸೇನೆಯವರು ಕಂಡಂ ಮಾಡಿದ ಲಾರಿಗಳು ಹರಾಜಿಗೆ ಬರುತ್ತವೆ. ಭಟ್ಕಳದ ಗುಜರಿ ಸಾಹೇಬರೊಬ್ಬರು ಅವುಗಳ ಎಂಜಿನ್ ಇಳಿಸಿ ನನಗೆ ಕಳಿಸುತ್ತಾರೆ. ನಾನು ರೇಡಿಯೇಟರ್ ಕಿತ್ತು ಬದಿಗಿಟ್ಟು, ಕಡಲಿನ ನೀರನ್ನೇ ಎಳೆದು ಎಂಜಿನ್ ತಣಿಸುವ ಪಂಪು ಕೂರಿಸಿ, ಬೋಟಿನ ಹೊಟ್ಟೆಗೆ ಇಳಿಸುತ್ತೇನೆ. ಹಿಮದ ಗುಡ್ಡ ಹತ್ತಿದ ಎಂಜಿನ್ ಆಮೇಲೆ ಬಂಗುಡೆಯ ಹಿಂದೆ ಓಡುತ್ತದೆ. ನಗಬೇಡಿ, ಒಳ್ಳೆಯ ಎಂಜಿನ್ನಿಗೆ ಅದು ಎರಡನೇ ಜನ್ಮ.

ನಾನು ಸೇನೆಗೆ ಸೇರಿದಾಗ ಇದ್ದ ಹಳೆಯ ಲಾರಿಗಳ ಎಂಜಿನ್ ನೀವು ನೋಡಬೇಕಿತ್ತು. ಡೀಸೆಲ್ ಹಾಕಿ, ಸೀಮೆಎಣ್ಣೆ ಹಾಕಿ, ತೀರಾ ಗತಿಯಿಲ್ಲದಿದ್ದರೆ ಪೆಟ್ರೋಲ್ ಬೆರೆಸಿ, ಎಲ್ಲವನ್ನೂ ಕುಡಿದು ಓಡುತ್ತಿತ್ತು. ಯುದ್ಧದ ಹೊತ್ತಿನಲ್ಲಿ ಯಾವ ಎಣ್ಣೆ ಕೈಗೆ ಸಿಗುತ್ತದೋ ಯಾರಿಗೆ ಗೊತ್ತು, ಅದಕ್ಕೇ ಹಾಗೆ ಕಟ್ಟಿದ್ದರು. ಹೊಗೆಯೋ ಹೊಗೆ. ಗುಡ್ಡ ಹತ್ತುವ ಚಡಾವಿನಲ್ಲಿ ನಡೆದುಕೊಂಡು ಹೋಗುವವನು ಅದನ್ನು ಹಿಂದೆ ಹಾಕುತ್ತಿದ್ದ. ಆದರೆ ನಿಲ್ಲುತ್ತಿರಲಿಲ್ಲ. ಆಮೇಲೆ ಟರ್ಬೊ ಬಂತು. ಗಾಳಿ ತೆಳುವಾದ ಎತ್ತರದಲ್ಲಿ ಎಂಜಿನ್ನಿಗೆ ಗಾಳಿ ತುರುಕಿ ಕೊಡುವ ಏರ್ಪಾಡು. ಶಕ್ತಿ ಹೆಚ್ಚಾಯಿತು, ಹೊಗೆ ಕಡಿಮೆಯಾಯಿತು. ಕೊನೆಗೆ ಕಂಪ್ಯೂಟರ್ ಬಂತು.

ಅಂಗೈ ಅಗಲದ ಒಂದು ಪೆಟ್ಟಿಗೆ ಅದು. ಎಷ್ಟು ಎಣ್ಣೆ ಬಿಡಬೇಕು, ಯಾವಾಗ ಬಿಡಬೇಕು ಎಂದು ಅದೇ ನಿರ್ಧರಿಸುತ್ತದೆ. ಎಂಜಿನ್ ಜಾಸ್ತಿ ಬಿಸಿಯಾದರೆ ಮೊದಲು ಬೀಪ್ ಎನ್ನುತ್ತದೆ, ಆಮೇಲೆ ಶಕ್ತಿ ಇಳಿಸುತ್ತದೆ, ಅದಕ್ಕೂ ಕೇಳದಿದ್ದರೆ ತಾನಾಗಿ ಬಂದ್ ಮಾಡುತ್ತದೆ. ಸುಟ್ಟು ಹೋಗುವುದಕ್ಕಿಂತ ನಿಂತದ್ದು ಮೇಲು ಎಂದು ಅದರ ಲೆಕ್ಕ. ಬಂದ್ ಆದದ್ದು ಯಾಕೆ, ಎಷ್ಟು ಗಂಟೆಗೆ ಎಂಬುದನ್ನೂ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ.

ಆ ಎಂಜಿನ್ ಹಾಕಿದ ಲಾರಿಗಳನ್ನು ಪರೀಕ್ಷೆಗೆಂದು ಗುಡ್ಡಗಾಡಿಗೆ ಒಯ್ದ ತಂಡದಲ್ಲಿ ನಾನಿದ್ದೆ. ಒಂದು ಚಡಾವಿನಲ್ಲಿ ಹದಿನಾಲ್ಕು ಜನರನ್ನು ಹೊತ್ತ ಲಾರಿ ನಡುದಾರಿಯಲ್ಲಿ ತಾನಾಗಿ ನಿಂತುಬಿಟ್ಟಿತು. ಪುಣ್ಯಕ್ಕೆ ಅದು ಬರೀ ಪರೀಕ್ಷೆ. ಮೇಲಿನವರು ಬಂದು ಕೇಳಿದಾಗ ಎಲ್ಲರಿಗಿಂತ ಮೊದಲು ಬಾಯಿ ತೆರೆದವನು ನಾನು. "ಸಾಹೇಬ್, ಗುಂಡು ಬೀಳುವ ಜಾಗದಲ್ಲಿ ನಿಲ್ಲಬೇಕೋ ಓಡಬೇಕೋ ಅಂತ ಡ್ರೈವರ್ ಹೇಳಬೇಕು, ಎಂಜಿನ್ ಹೇಳಬಾರದು" ಎಂದೆ. ನನ್ನ ಹಾಗೆ ಹೇಳಿದವರು ಇನ್ನೂ ಬಹಳ ಜನ ಇದ್ದಿರಬೇಕು. ಮುಂದಿನ ಲಾರಿಗಳಲ್ಲಿ ಕೆಂಪು ಮುಚ್ಚಳದ ಒಂದು ಸ್ವಿಚ್ ಬಂತು. ಅದನ್ನು ಒತ್ತಿದರೆ ಕಂಪ್ಯೂಟರ್ ಬಾಯಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ಸುಟ್ಟು ಕರಕಲಾಗುವವರೆಗೂ ಓಡುತ್ತದೆ, ಅಷ್ಟರಲ್ಲಿ ಒಳಗಿದ್ದವರು ಪಾರಾಗುತ್ತಾರೆ. ನಾವು ಅದಕ್ಕೆ ಯುದ್ಧದ ಸ್ವಿಚ್ ಎನ್ನುತ್ತಿದ್ದೆವು.

ಎರಡು ವರ್ಷದ ಕೆಳಗೆ ಅಂಥದೇ ಎಂಜಿನ್ ಒಂದು ಭಟ್ಕಳದಿಂದ ನನ್ನ ಗ್ಯಾರೇಜಿಗೆ ಬಂತು. ಕಂದಕಕ್ಕೆ ಬಿದ್ದ ಲಾರಿಯದು, ಓಡಿದ್ದು ಕಡಿಮೆ. ಬೋಟಿನ ಮಾಲೀಕ ವಿನೋದ ಅದನ್ನು ತನ್ನ ಬೋಟಿಗೆ ಕೂರಿಸಲು ಹೇಳಿದ. ಆ ಬೋಟಿನ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿದು ಬೋಟು ನಡೆಸುವವನು, ನನ್ನ ಅಕ್ಕ ಮಾದೇವಿಯ ಮಗ ಜಗದೀಶ. ಇಪ್ಪತ್ತೊಂಬತ್ತು ವರ್ಷಕ್ಕೆ ತಾಂಡೇಲನಾಗುವುದು ಸಣ್ಣ ಮಾತಲ್ಲ. ನೀರಿನ ಬಣ್ಣ ನೋಡಿ ಆಳ ಹೇಳುತ್ತಿದ್ದ. ಅಕ್ಕ ಬದುಕಿದ್ದರೆ ಬಂದರಿನ ತುಂಬ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದಳು.

ಎಂಜಿನ್ ಕೂರಿಸುವಾಗ ಅವನು ಪಕ್ಕದಲ್ಲೇ ಕುಳಿತು ಎಲ್ಲ ನೋಡುತ್ತಿದ್ದ. ನಾನು ಆ ಕೆಂಪು ಸ್ವಿಚ್ಚಿನ ವೈರು ಕತ್ತರಿಸಿ ಅದನ್ನು ತೆಗೆದಿಟ್ಟಾಗ ಕೇಳಿದ, "ಅದು ಎಂತದು ಮಾವ?"

ಹೇಳಿದೆ.

"ಹಂಗಾರೆ ಅದು ಇರ್ಲಿ ಮಾರಾಯ. ಅಳಿವೆ ದಾಟೂ ಹೊತ್ತಿಗೆ ಬೇಕಾಗ್ತದೆ."

ಅವನು ಹೇಳಿದ್ದು ಸರಿಯಾಗಿತ್ತು. ಶರಾವತಿ ಕಡಲಿಗೆ ಸೇರುವ ಬಾಯಲ್ಲಿ ಹೊಯ್ಗೆ, ಅಂದರೆ ಮರಳು, ತುಂಬಿ ದಿನ್ನೆ ಕಟ್ಟಿದೆ. ಅಲ್ಲಿ ಬೋಟು ಸುಮ್ಮನೆ ಹೋಗುವುದಿಲ್ಲ. ಮೂರು ದೊಡ್ಡ ತೆರೆ ಹೋಗಲಿಕ್ಕೆ ಬಿಟ್ಟು, ನಾಲ್ಕನೆಯದರ ಬೆನ್ನು ಹಿಡಿದು, ಪೂರಾ ಜೋರು ಕೊಟ್ಟು ನಾಲ್ಕೈದು ನಿಮಿಷದಲ್ಲಿ ದಾಟಿಬಿಡಬೇಕು. ನಡುವೆ ಜೋರು ಇಳಿಸಿದರೆ ಬೋಟು ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದರೆ ಹಿಂದಿನ ತೆರೆ ಬಂದು ಅಪ್ಪಳಿಸುತ್ತದೆ. ನೀರು ತೆಳುವಾದ ಅದೇ ಜಾಗದಲ್ಲಿ ಪಂಪು ನೀರಿನ ಜೊತೆ ಹೊಯ್ಗೆಯನ್ನೂ ಎಳೆಯುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಆದರೆ ನನಗೆ ಬೇರೊಂದು ಉರಿ ಇತ್ತು. ಹಿಂದಿನ ವರ್ಷ ಮಂಕಿ ಊರಿನ ಬೋಟೊಂದಕ್ಕೆ ಇದೇ ಸ್ವಿಚ್ ಸಹಿತ ಎಂಜಿನ್ ಹಾಕಿ ಕೊಟ್ಟಿದ್ದೆ. ಆ ಹುಡುಗರು ಬೀಪ್ ಸದ್ದು ಕಿರಿಕಿರಿ ಎಂದು ಸ್ವಿಚ್ಚನ್ನು ಒತ್ತಿ, ಮೇಲೆ ಟೇಪು ಸುತ್ತಿ, ಇಡೀ ಹಂಗಾಮು ಓಡಿಸಿ ಎಂಜಿನ್ ಸುಟ್ಟರು. ಆಮೇಲೆ ಅದರ ಮಾಲೀಕ ಬಂದರಿನಲ್ಲಿ ಎಲ್ಲರೆದುರು, "ದೇವಪ್ಪ ಹಾಕಿದ ಎಂಜಿನ್ ಒಂದು ವರ್ಷ ಬಾಳೂದಿಲ್ಲ" ಎಂದಿದ್ದ. ಆ ಮಾತು ನನ್ನ ಮೈಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತ್ತು. ಇನ್ನು ಮೇಲೆ ಯಾರ ಬೋಟಿಗೂ ಸ್ವಿಚ್ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದೆ.

"ನಿಂಗೆ ಎಂತ ಗೊತ್ತದ್ಯೋ?" ಎಂದು ಜಗದೀಶನ ಮೇಲೆ ಹಾರಿಬಿದ್ದೆ. "ಈ ಎಂಜಿನ್ ನಿನ್ನ ಅಪ್ಪನಂಥವರನ್ನು ಕಂಡದೆ. ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತು. ನೀನು ಚುಕ್ಕಾಣಿ ಹಿಡಿ, ಎಂಜಿನ್ ನನಗೆ ಬಿಡು."

ಅವನು ನಕ್ಕ. "ಆತು ಮಾವ, ನಿಂದೇ ಮಾತು" ಎಂದ. ಅಷ್ಟಕ್ಕೇ ಬಿಟ್ಟ. ಸೋದರಮಾವನ ಎದುರು ಎರಡನೇ ಮಾತು ಆಡುವ ಜಾತಿಯವನಲ್ಲ ಅವನು.

ಒಂದು ವರ್ಷ ಏನೂ ಆಗಲಿಲ್ಲ. ಹೋದ ಚೌತಿ ಮುಗಿದ ಮೂರನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಬೋಟು ಮೀನು ತುಂಬಿಕೊಂಡು ಒಳಗೆ ಬರುತ್ತಿತ್ತು. ತೆರೆ ದೊಡ್ಡದಿತ್ತು, ಆದರೆ ಅದಕ್ಕಿಂತ ದೊಡ್ಡ ತೆರೆಯಲ್ಲಿ ಜಗದೀಶ ಬಂದವನೇ. ದಿನ್ನೆಯ ಮೇಲೆ ಅರ್ಧ ದಾರಿಯಲ್ಲಿ ಎಂಜಿನ್ ನಿಂತಿತು. ದಡದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರಿಗೂ ಆ ಸದ್ದು ನಿಂತದ್ದು ಗೊತ್ತಾಯಿತಂತೆ. ಬೋಟು ಅಡ್ಡ ತಿರುಗಿತು. ಬಂದ ತೆರೆ ಹಿಂಬದಿಯಲ್ಲಿ ಬಲೆ ಹಿಡಿದು ನಿಂತಿದ್ದ ದಾಸನನ್ನು ಎತ್ತಿಕೊಂಡು ಹೋಯಿತು. ಮತ್ತೆರಡು ತೆರೆ ಬೋಟನ್ನು ತಂದು ಹೊಯ್ಗೆಯ ಮೇಲೆ ಕೂರಿಸಿತು. ಉಳಿದ ನಾಲ್ವರಿಗೆ ತರಚಿದ ಗಾಯ, ಬೋಟಿನದು ಒಂದು ಹಲಗೆ ಹೋಗಿತ್ತು, ಎಂಜಿನ್ನಿಗೆ ಒಂದು ಹನಿ ನೀರೂ ತಾಗಿರಲಿಲ್ಲ.

ದಾಸ ಎರಡು ದಿನದ ಮೇಲೆ ಮಂಕಿಯ ದಂಡೆಯಲ್ಲಿ ಸಿಕ್ಕಿದ. ಐವತ್ತೆರಡು ವರ್ಷ, ನಾನು ಚಡ್ಡಿ ಹಾಕುವ ಕಾಲದಿಂದ ಗೆಳೆಯ. ಅವನ ಹೆಂಡತಿ ಬೆಳ್ಳಿ ಹೆಣದ ಕಾಲ ಹತ್ತಿರ ಕೂತು ಅಳಲಿಲ್ಲ, ಬೈದಳು. ಕಡಲನ್ನು ಬೈದಳು, ದಾಸನನ್ನು ಬೈದಳು, ಕೊನೆಗೆ ಬಾಗಿಲಲ್ಲಿ ನಿಂತ ಜಗದೀಶನನ್ನು ಕಂಡು, "ನಿನ್ನ ಕೈ ಸೇದಿಹೋಗ್ಲಿ" ಎಂದಳು. ಅವನು ತಲೆ ಬಗ್ಗಿಸಿ ನಿಂತಿದ್ದ.

ನಮ್ಮ ಬಂದರಿನಲ್ಲಿ ಒಂದು ಕಟ್ಟುಪಾಡಿದೆ. ತಾಂಡೇಲನ ಬೋಟಿನಿಂದ ಒಂದು ಜೀವ ಹೋದರೆ, ಹದಿಮೂರನೆಯ ದಿನದ ಮೇಲೆ ಬೋಟಿನವರೆಲ್ಲ ಕೂತು ತಪ್ಪು ಯಾರದು ಎಂದು ಹೇಳಬೇಕು. ಕಡಲಿನದೋ, ಎಂಜಿನ್ನಿನದೋ, ಕೈಯದೋ. ಕಡಲಿನದೆಂದರೆ ಕಡಲಿಗೆ ಕಾಯಿ ಬಿಟ್ಟು ಮುಗಿಸುತ್ತಾರೆ. ಎಂಜಿನ್ನಿನದೆಂದರೆ ಎಂಜಿನ್ ಇಳಿಸುತ್ತಾರೆ. ಕೈಯದು ಎಂದಾದರೆ ಆ ತಾಂಡೇಲ ಚುಕ್ಕಾಣಿ ಬಿಡಬೇಕು. ಅವನು ಹತ್ತಿದ ಬೋಟಿಗೆ ಆಮೇಲೆ ಯಾರೂ ಹತ್ತುವುದಿಲ್ಲ, ಕಲಾಸಿಯಾಗಿ ಬಲೆ ಎಳೆಯಲಿಕ್ಕೂ ಅವನನ್ನು ಕರೆಯುವುದಿಲ್ಲ. ಕಡಲು ಬಿಟ್ಟರೆ ಬೇರೆ ಏನೂ ಗೊತ್ತಿಲ್ಲದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಸಭೆ ನನ್ನ ಗ್ಯಾರೇಜಿನಲ್ಲೇ ಸೇರಿತು, ಬೋಟಿನಿಂದ ಇಳಿಸಿ ತಂದ ಎಂಜಿನ್ ಅಲ್ಲಿ ಇದ್ದದ್ದಕ್ಕೆ. ಇಪ್ಪತ್ತೈದು ಮೂವತ್ತು ಜನ. ಹಿರಿಯ ಹಮ್ಮಣ್ಣ ಎಣ್ಣೆಯ ಡಬ್ಬದ ಮೇಲೆ ಕೂತಿದ್ದ. ಮೊದಲು ಜಗದೀಶನನ್ನು ಕೇಳಿದರು.

"ನಾ ಬಂದ್ ಮಾಡ್ಲಿಲ್ಲ" ಎಂದ ಅವನು. "ಬೀಪ್ ಹೊಡೀತು. ಜೋರು ಇಳೀತು. ಆಮೇಲೆ ತನ್ನಷ್ಟಕ್ಕೇ ನಿಂತೋತು. ಕೀಲಿ ಮೂರು ಸಲ ತಿರುಗಿಸ್ದೆ, ಹತ್ಲಿಲ್ಲ."

ಉಳಿದ ಮೂವರು ಬಲೆಯ ಕಡೆ ಮುಖ ಮಾಡಿದ್ದವರು. ಬೀಪ್ ಕೇಳಿದ ನೆನಪು ಅವರಿಗಿಲ್ಲ. ಜಗದೀಶನ ಕೈ ಕೀಲಿಯ ಮೇಲೆ ಇದ್ದದ್ದನ್ನು ಮಾತ್ರ ಒಬ್ಬ ಕಂಡಿದ್ದ. ಗಾಬರಿಯಲ್ಲಿ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದವರು ನಮ್ಮಲ್ಲಿ ಹಿಂದೆಯೂ ಇದ್ದರು. ಜನ ಪಿಸುಗುಟ್ಟಿದರು.

ಜಗದೀಶ ಸ್ವಿಚ್ಚಿನ ಮಾತು ಎತ್ತಲಿಲ್ಲ. ನನ್ನ ಮುಖ ನೋಡಿದ, ಅಷ್ಟೇ. ಅದನ್ನು ಹೇಳಬೇಕಾದವನು ನಾನು, ನಾನೇ ಹೇಳುತ್ತೇನೆ ಎಂದು ನಂಬಿಕೊಂಡು ಕೂತಿದ್ದ.

"ದೇವಪ್ಪ, ಎಂಜಿನ್ ಕಂಡು ನೀನೇ ಹೇಳು" ಎಂದ ಹಮ್ಮಣ್ಣ.

ಲ್ಯಾಪ್‌ಟಾಪು ತಂದು ಎಂಜಿನ್ನಿನ ಪೆಟ್ಟಿಗೆಗೆ ವೈರು ಸಿಕ್ಕಿಸಿದೆ. ನನ್ನ ಕಡೆ ತಿರುಗಿಸಿಟ್ಟ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ನೀರಿನ ಬಿಸಿ ಮಿತಿ ಮೀರಿದೆ. ಎಂಜಿನ್ ರಕ್ಷಣೆಗಾಗಿ ಬಂದ್ ಮಾಡಲಾಗಿದೆ. ಪಕ್ಕದಲ್ಲಿ ತಾರೀಕು, ಏಳು ಗಂಟೆ ಎಂಟು ನಿಮಿಷ. ಅಲ್ಲಿ ಕೂತವರಲ್ಲಿ ಆ ಸಾಲು ಓದಿ ಅರ್ಥ ಮಾಡಿಕೊಳ್ಳುವವನು ನಾನೊಬ್ಬನೇ.

ಈಗ ಹೇಳುವುದನ್ನು ಸರಿಯಾಗಿ ಕೇಳಿ. ಮಿಲಿಟರಿ ವರ್ಕ್‌ಶಾಪಿನಲ್ಲಿ ಒಂದು ಕ್ರಮವಿದೆ. ಎಂಜಿನ್ ಬಂದ ಕೂಡಲೇ ಅದು ಬರೆದುಕೊಂಡ ತಪ್ಪನ್ನು ಓದಬೇಕು, ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಪೆಟ್ಟಿಗೆಯಿಂದ ಅಳಿಸಿ ಹೊಸದಾಗಿ ಚಾಲೂ ಮಾಡಿ ನೋಡಬೇಕು. ಅಳಿಸದೆ ಚಾಲೂ ಮಾಡಿದರೆ ಬೈಸಿಕೊಳ್ಳುತ್ತಿದ್ದೆವು. ನನ್ನ ಬೆರಳು ಆ ಗುಂಡಿಯ ಮೇಲೆ ಹೋಯಿತು. ಅಭ್ಯಾಸದಿಂದ ಹೋಯಿತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಭ್ಯಾಸವಾಗಿದ್ದರೆ ಮೊದಲು ಬರೆಯುತ್ತಿದ್ದೆ. ಮಂಕಿಯ ಮಾಲೀಕ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಬೆಳ್ಳಿಯ ತಮ್ಮ ಎದುರಿಗೇ ಕೂತಿದ್ದ. ದಾಸನನ್ನು ಕೊಂದದ್ದು ನಾನು ಎಂದು ಅಷ್ಟು ಮುಖಗಳ ಎದುರು ಹೇಳಲಿಕ್ಕೆ ನನ್ನ ನಾಲಗೆ ಏಳಲಿಲ್ಲ. ಗುಂಡಿ ಒತ್ತಿದೆ. ಪರದೆ ಖಾಲಿಯಾಯಿತು.

ಪಂಪಿಗೆ ನೀರು ಕೊಟ್ಟು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಹತ್ತಿತು. ಹತ್ತದೆ ಏನು? ತನ್ನನ್ನು ತಾನು ಉಳಿಸಿಕೊಂಡಿದ್ದ ಎಂಜಿನ್ ಅದು. ಹತ್ತು ನಿಮಿಷ ಓಡಿಸಿದೆ, ಒಂದು ಕಡೆಯೂ ತಪ್ಪಲಿಲ್ಲ. ಇಷ್ಟು ಚಂದದ ಸದ್ದು ಬಂದರಿನಲ್ಲಿ ಬೇರೆ ಯಾವ ಎಂಜಿನ್ನಿಗೂ ಇಲ್ಲ.

"ಕಂಪ್ಯೂಟರಿನಲ್ಲಿ ಎಂತ ಇಲ್ಲ" ಎಂದೆ. "ಎಂಜಿನ್ ಸರಿ ಇತ್ತು."

ಜಗದೀಶ ಎದ್ದು ಬಂದು ಪರದೆ ನೋಡಿದ. ಖಾಲಿ ಇತ್ತು. ನನ್ನ ಕಡೆ ತಿರುಗಿ ಏನೋ ಕೇಳುವವನ ಹಾಗೆ ಬಾಯಿ ತೆರೆದ, ಕೇಳಲಿಲ್ಲ. ಹಮ್ಮಣ್ಣ, "ಹಂಗಾರೆ ಕೈಯದೇ ಆತು" ಎಂದ.

ಜಗದೀಶ ಒಂದು ತಿಂಗಳು ಮನೆಯಲ್ಲೇ ಕೂತ. ಬಂದರಿನ ಕಡೆ ಬಂದರೆ ಜನ ಮಾತು ನಿಲ್ಲಿಸುತ್ತಿದ್ದರು. ಅವನ ಹೆಂಡತಿ ವೀಣಾ ಮೀನು ತರಲಿಕ್ಕೆ ಹೋದರೆ ಬೇರೆ ಹೆಂಗಸರು ಬುಟ್ಟಿ ಸರಿಸಿಕೊಳ್ಳುತ್ತಿದ್ದರು. ಒಂದು ದಿನ ವೀಣಾ ನನ್ನ ಗ್ಯಾರೇಜಿಗೆ ಬಂದು ಹೊರಗೇ ನಿಂತು ಹೇಳಿದಳು, "ಮಾವ, ಇವ್ರು ಊಟ ಮಾಡೂಕೆ ಕೂತ್ರೂ ಕೈ ಕಾಣ್ತಾ ಕೂತ್ಕಂತ್ರು. ನೀವಾದ್ರೂ ಒಂದು ಸಲ ಬನ್ನಿ." ಬರುತ್ತೇನೆ ಎಂದೆ. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಆಮೇಲೆ ಅವನು ಓಂ ಬೀಚಿನ ಹತ್ತಿರ ಯಾವುದೋ ಗೆಸ್ಟ್‌ಹೌಸಿಗೆ ಕೆಲಸಕ್ಕೆ ಹೋದ ಎಂದು ಕೇಳಿದೆ. ಬಂದವರ ಬ್ಯಾಗು ಎತ್ತುವುದು, ಅಂಗಳ ಗುಡಿಸುವುದು.

ಅಷ್ಟರಲ್ಲಿ ನಾನು ಇನ್ನೊಂದು ಕೆಲಸ ಮಾಡಿದ್ದೆ. ವಿನೋದ ಬೋಟಿಗೆ ಹೊಸ ತಾಂಡೇಲನನ್ನು ತರುವ ಮೊದಲೇ, ಎಂಜಿನ್ ವಾಪಸು ಕೂರಿಸುವ ನೆಪದಲ್ಲಿ, ತೆಗೆದಿಟ್ಟಿದ್ದ ಆ ಸ್ವಿಚ್ಚನ್ನು ಮತ್ತೆ ಹಾಕಿ ವೈರು ಜೋಡಿಸಿಬಿಟ್ಟೆ. ಪಂಪಿನಲ್ಲಿ ಸಿಕ್ಕಿದ ಹೊಯ್ಗೆಯನ್ನು ತೊಳೆದು ಚೆಲ್ಲಿದೆ. ಇನ್ನೊಬ್ಬನ ಜೀವ ಹೋಗಬಾರದು ಎಂದು ಹಾಗೆ ಮಾಡಿದೆ, ಇದು ನಿಜ. ಯಾರಿಗೂ ಹೇಳದೆ ಮಾಡಿದೆ, ಇದೂ ನಿಜ. ಹೊಸ ತಾಂಡೇಲನಿಗೆ, "ಅಳಿವೆ ದಾಟುವಾಗ ಬೀಪ್ ಬಂದರೆ ಕೆಂಪು ಮುಚ್ಚಳ ತೆಗೆದು ಒತ್ತು" ಎಂದು ಹೇಳಿಕೊಟ್ಟೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅವನು ಬಂದು, "ನಿಮ್ಮ ಸ್ವಿಚ್ಚು ಇವತ್ತು ಐದು ಜನರ ಜೀವ ಉಳಿಸ್ತು ದೇವಪ್ಪಣ್ಣ" ಎಂದು ನನ್ನ ಕೈ ಹಿಡಿದುಕೊಂಡ. ಕೈ ಕಿತ್ತುಕೊಂಡು ಅವನಿಗೆ ಬೈದು ಕಳಿಸಿದೆ. ಪಾಪ, ಅವನು ಕಣ್ಣು ಕಣ್ಣು ಬಿಟ್ಟ.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಸೈನಿಕರಿಗೆ ಬೇಕೇಬೇಕು ಎಂದು ಸಾಹೇಬರೆದುರು ಗಂಟಲು ಹರಿದುಕೊಂಡಿದ್ದನ್ನೇ ನನ್ನ ಅಕ್ಕನ ಮಗನಿಗೆ ಬೇಡ ಎಂದಿದ್ದೆ. ದಾಸ ಕಣ್ಣ ಮುಂದೆ ಬರುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಪರದೆ ನೋಡಿ ನನ್ನ ಕಡೆ ತಿರುಗಿದ ಆ ಹುಡುಗನ ಮುಖ ಬರುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಹಮ್ಮಣ್ಣನ ಮನೆಗೆ ಹೋಗಿ, ಮತ್ತೆ ಸಭೆ ಕರೆಯಬೇಕು, ನನಗೆ ಹೇಳುವುದಿದೆ ಎಂದೆ.

ಜನ ಸೇರಿದರು. ಬೆಳ್ಳಿಯೂ ಬಂದು ಹಿಂದೆ ನಿಂತಳು. ನಾನು ಎದ್ದು ನಿಂತು ಒಂದೂ ಬಿಡದೆ ಹೇಳಿದೆ. ಸ್ವಿಚ್ಚು ಕತ್ತರಿಸಿದ್ದು, ಜಗದೀಶ ಬೇಕೆಂದು ಕೇಳಿದ್ದು, ಪಂಪಿನ ಹೊಯ್ಗೆ, ಪರದೆಯ ಮೇಲಿನ ಎರಡು ಸಾಲು, ನಾನು ಅಳಿಸಿದ್ದು. "ದಾಸನ್ನ ಕೊಂದದ್ದು ನಾನು. ಜಗದೀಶನ ಕೈಯದು ಎಂತ ತಪ್ಪಿಲ್ಲ" ಎಂದೆ. ಈಗ ಯಾರಾದರೂ ಎದ್ದು ಬಂದು ಹೊಡೆಯಲಿ ಎಂದು ಕಾದೆ.

ಯಾರೂ ಹೊಡೆಯಲಿಲ್ಲ. ವಿನೋದ ನಿಧಾನಕ್ಕೆ ಹೇಳಿದ, "ದೇವಪ್ಪಣ್ಣ, ಸ್ವಿಚ್ಚು ಬೋಟಿನಲ್ಲೇ ಇದ್ಯಲ. ನಾನೇ ಕಂಡಿದ್ದೆ."

"ಅದು ನಾನು ಆಮೇಲೆ ಹಾಕಿದ್ದು!"

"ನಾ ಬಂದ ದಿನದಿಂದ ಇತ್ತು" ಎಂದ ಹೊಸ ತಾಂಡೇಲ. "ನಂಗೆ ಒತ್ತೂಕೆ ಹೇಳಿಕೊಟ್ಟದ್ದೂ ನೀವೇ."

"ಕಂಪ್ಯೂಟರಿನಲ್ಲಿ ಎಂತ ಇಲ್ಲ ಅಂತ ಅವತ್ತು ನೀನೇ ಹೇಳಿದ್ಯಲ" ಎಂದ ಇನ್ನೊಬ್ಬ.

"ಅಳಿಸಿದೆ ಅಂತ ಹೇಳ್ತಾ ಇದ್ದೇನಲ್ಲೋ, ಕಿವಿ ಇಲ್ಲವಾ ನಿಮಗೆ?" ಎಂದು ಕೂಗಿದೆ. ಅಳಿಸಿದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಪುಸ್ತಕದಲ್ಲಿ ಬರೆದಿರಲಿಲ್ಲ. ಹೊಯ್ಗೆ ಚೆಲ್ಲಿದ್ದೆ. ಒಂದೊಂದಾಗಿ ಎಲ್ಲವನ್ನೂ ನನ್ನ ಕೈಯಾರೆ ಮುಗಿಸಿಟ್ಟಿದ್ದೆ. ಕೂಗಿದಷ್ಟೂ ನನ್ನ ಮಾತು ಸುಳ್ಳಿನ ಹಾಗೆ ನನಗೇ ಕೇಳಿಸತೊಡಗಿತು.

ಹಮ್ಮಣ್ಣ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನೀರಿತ್ತು. "ಸೋದರಮಾವ ಅಂದ್ರೆ ಹಿಂಗಿರ್ಬೇಕು" ಎಂದ, ಎಲ್ಲರಿಗೂ ಕೇಳುವ ಹಾಗೆ. "ಅಳಿಯನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕಂಡ. ಕೂತ್ಕ ದೇವಪ್ಪ. ನಮಗೆ ನಿನ್ನ ಸಂಕಟ ಅರ್ಥ ಆತದೆ. ಆದ್ರೆ ಕಟ್ಟುಪಾಡು ಕಟ್ಟುಪಾಡೇ."

ಜನ ತಲೆದೂಗಿದರು. ಮಂಕಿಯ ಆ ಮಾಲೀಕ ಕೂಡ ತಲೆದೂಗಿದ. ನನ್ನನ್ನು ಹೊಗಳುತ್ತಿದ್ದರು. ಬೆಳ್ಳಿ ಹತ್ತಿರ ಬಂದು, "ದೇವಪ್ಪಣ್ಣ, ನೀವು ಇಷ್ಟು ಮಾಡೂದು ಬೇಡಾಗಿತ್ತು. ನಾನು ಆ ಹುಡುಗನ್ನ ಬೈಯೂದು ಬಿಟ್ಟು ಎಷ್ಟೋ ದಿನ ಆತು" ಎಂದಳು. ನನಗೆ ಅವಳ ಕಾಲ ಮೇಲೆ ಬೀಳಬೇಕೆನಿಸಿತು. ಬಿದ್ದರೆ ಅದನ್ನೂ ಹೊಗಳುತ್ತಿದ್ದರು.

ಸರಿ, ಇವರು ನಂಬದಿದ್ದರೆ ಬೇಡ, ನಂಬಬೇಕಾದವನು ಒಬ್ಬನಿದ್ದಾನೆ ಎಂದುಕೊಂಡು ಮರುದಿನವೇ ಬೈಕು ಹತ್ತಿ ಕುಮಟೆ ದಾಟಿ ಓಂ ಬೀಚಿಗೆ ಹೋದೆ. ಸ್ವಿಚ್ಚು ಇರಲಿಲ್ಲ ಎಂಬುದು ಜಗದೀಶನಿಗೆ ಗೊತ್ತು. ಬೀಪ್ ಅವನ ಕಿವಿಗೇ ಬಿದ್ದದ್ದು. ಅವನು ನನ್ನ ಜೊತೆ ಬಂದು ಹೌದು ಎಂದರೆ ಇಬ್ಬರ ಮಾತು ಸೇರಿ ಗಟ್ಟಿಯಾಗುತ್ತದೆ. ಅವನು ಮತ್ತೆ ಚುಕ್ಕಾಣಿ ಹಿಡಿಯುತ್ತಾನೆ. ದಾರಿಯುದ್ದಕ್ಕೂ ಇದನ್ನೇ ಗುಣಿಸಿಕೊಂಡು ಹೋದೆ.

ಗೆಸ್ಟ್‌ಹೌಸಿನ ಹಿಂದೆ ಅವನು ಹಾಸಿಗೆಯ ಬಟ್ಟೆ ಒಣಗಿಸುತ್ತಿದ್ದ. ಮಧ್ಯಾಹ್ನದ ಬಿಸಿಲು. ಹುಡುಗ ಇಳಿದುಹೋಗಿದ್ದ. ನನ್ನನ್ನು ಕಂಡು, "ಬಂದ್ಯಾ ಮಾವ, ಊಟ ಆತಾ?" ಎಂದ. ಅಲ್ಲೇ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವನು ಬಟ್ಟೆಗೆ ಕ್ಲಿಪ್ಪು ಹಾಕುತ್ತಲೇ ಕೇಳಿದ. ಮುಗಿದ ಮೇಲೆ ಬಂದು ನನ್ನ ಪಕ್ಕ ಕೂತ.

"ಸಭೇಲಿ ಹೇಳಿದ್ದನ್ನ ವೀಣಾ ಫೋನಲ್ಲಿ ಹೇಳಿದ್ಳು" ಎಂದ. "ನೀನು ನನ್ನ ಸಲುವಾಗಿ ಹಂಗೆಲ್ಲ ಹೇಳ್ಬೇಡ ಮಾವ. ನಿನ್ನ ಹೆಸರು ಹಾಳಾತದೆ."

"ನಿನ್ನ ಸಲುವಾಗಿ ಅಲ್ಲ ಮಾರಾಯ, ನಡೆದದ್ದೇ ಹಾಗೆ! ನಿನಗೆ ಗೊತ್ತಿಲ್ಲವಾ? ಬೀಪ್ ಕೇಳಲಿಲ್ಲವಾ ನೀನು?"

ಅವನು ಬಹಳ ಹೊತ್ತು ಯೋಚಿಸಿದ. ನಿಜವಾಗಿ ಯೋಚಿಸಿದ, ಅದಕ್ಕೇ ನನ್ನ ಎದೆ ಒಡೆಯಿತು.

"ಮೊದಮೊದಲು ಕೇಳಿದ್ದೆ ಅಂತಿದ್ದೆ" ಎಂದ. "ಆಮೇಲೆ ಎಷ್ಟು ನೆನಪು ಮಾಡ್ಕಂಡ್ರೂ, ಬೀಪ್ ಮೊದಲು ಬಂತಾ, ನನ್ನ ಕೈ ಮೊದಲು ಹೋತಾ ಅಂತ ತಿಳೂದಿಲ್ಲ. ಸ್ವಿಚ್ಚು ಇರ್ಲಿಲ್ಲ, ಅದು ಹೌದು. ಆದ್ರೆ ಎಂಜಿನ್ ನಿಂತದ್ದು ಅದ್ರಿಂದ ಅಲ್ಲ. ಪರದೆ ನಾನೇ ಕಂಡೆ, ಖಾಲಿ ಇತ್ತು. ನೀನು ನನ್ನ ತಾಯಿಯ ತಮ್ಮ. ಒಂದು ಸಾಲಾದ್ರೂ ಅದ್ರಲ್ಲಿ ಇದ್ದಿದ್ರೆ ನೀನು ಅಷ್ಟು ಜನರ ಎದುರಿಗೆ ನನ್ನನ್ನ ಹಂಗೆ ಬಿಡ್ತಿದ್ಯಾ?"

ಬಿಟ್ಟಿದ್ದೆ ಕಣೋ, ಬಿಟ್ಟಿದ್ದೆ, ಎಂದು ಮತ್ತೆ ಮತ್ತೆ ಹೇಳಿದೆ. ಅವನು ಹುಷಾರಿಲ್ಲದವರಿಗೆ ಸಮಾಧಾನ ಮಾಡುವಂತೆ ನನ್ನ ಬೆನ್ನು ಸವರಿದ. "ಆತು ಮಾವ, ಆತು. ನೀರು ಕುಡಿ" ಎಂದ.

ಅಷ್ಟರಲ್ಲಿ ಕರೆಂಟು ಹೋಯಿತು. ಒಳಗಿನಿಂದ ಮ್ಯಾನೇಜರ್ ಕೂಗಿದ, "ಜಗದೀಶ, ಜನರೇಟರ್ ಹಾಕು!" ಜನರೇಟರ್ ನಮ್ಮಿಂದ ನಾಲ್ಕು ಹೆಜ್ಜೆಯ ಮೇಲೆ, ತಗಡಿನ ಮಾಡಿನ ಕೆಳಗೆ ಇತ್ತು. ಒಂದು ಸಣ್ಣ ಡೀಸೆಲ್ ಎಂಜಿನ್, ಕೀಲಿ ಅದರಲ್ಲೇ ತೂಗುತ್ತಿತ್ತು. ಜಗದೀಶ ಎದ್ದು ಅದರ ಹತ್ತಿರ ಹೋದ, ನಿಂತ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮತ್ತೆ ಮ್ಯಾನೇಜರ್ ಕೂಗಿದ. ಅವನು ನನ್ನ ಕಡೆ ತಿರುಗಿದ, ಮುಖದಲ್ಲಿ ನಾಚಿಕೆ ಇತ್ತು.

"ಮಾವ, ನೀನು ಸ್ವಲ್ಪ ಚಾಲೂ ಮಾಡಿ ಕೊಡ್ತ್ಯಾ? ನಾನು ಮುಟ್ಟೂದಿಲ್ಲ."

ನಾನು ಎದ್ದು ಹೋಗಿ ಕೀಲಿ ತಿರುಗಿಸಿದೆ. ಹತ್ತಿತು. ಒಳಗೆ ಫ್ಯಾನು ತಿರುಗತೊಡಗಿತು. ಜಗದೀಶ ಆ ಸದ್ದಿಗೆ ಕಿವಿಗೊಟ್ಟು ನಿಂತು, ಸಂತೋಷದಿಂದಲೇ ಹೇಳಿದ, "ಕಂಡ್ಯಾ, ನಿನ್ನ ಕೈಗೆ ಸರಿಯಾಗಿ ಬತ್ತದೆ."